ಸೋರೆಬುರುಡೆಯಲ್ಲಿ ಮುಚ್ಚಿಟ್ಟ ಕೂಗು

ಒಂದಾನೊಂದು ಕಾಲದಲ್ಲಿ, ಅಂದ್ರೆ ಈ ಅಜ್ಜಿಗೆ ಬಾಯ್ತುಂಬ ಹಲ್ಲಿದ್ದು, ಆ ಹಲ್ಲಲ್ಲಿ ಕಲ್ಲುಸಕ್ಕರೆ ಏನು, ಕಲ್ಲನ್ನೇ ಕಟಕಟ ಕಡೀತಿದ್ದ ಕಾಲದಲ್ಲಿ, ಒಂದು ದೊಡ್ಡ ಕೆರೆ ಇತ್ತಂತೆ. ಎಷ್ಟು ದೊಡ್ಡದು ಅಂತೀಯ? ಈ ದಡದಿಂದ ಒಂದು ಕೊಕ್ಕರೆಮರಿ ಹಾರಿದ್ರೆ ಆ ದಡ ಮುಟ್ಟೋ ಹೊತ್ತಿಗೆ ಅದಕ್ಕೇ ಮೊಮ್ಮಕ್ಕಳು ಆಗಿರ್ತಿದ್ವಂತೆ. ಹೂಂ ಅನ್ನು ಕಂದ, ಹೂಂ ಅನ್ನೋರಿಲ್ಲದಿದ್ರೆ ಕತೆ ಅಲ್ಲೇ ಕೂತುಬಿಡ್ತದೆ.

ಆ ಕೆರೆಯ ಪಡುವಣ ದಡದ ದಿಣ್ಣೆ ಮೇಲೊಂದು ಊರು, ಮೂಡಣ ದಡದ ತಗ್ಗಲ್ಲೊಂದು ಊರು. ಎರಡೂ ಊರಿನೋರು ಹರಿಗೋಲು ಹಾಕಿ ಮೀನು ಹಿಡಿಯೋರು, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದೋರು. ಮಳೆ ಜೋರಾಗಿ ಹರಿಗೋಲು ಹಾಕೋಕಾಗದೆ ಹೋದಾಗ ಸುದ್ದಿ ಹೋಗಬೇಕಲ್ಲ, ಅದಕ್ಕೊಂದು ಪದ್ಧತಿ ಮಾಡ್ಕೊಂಡಿದ್ರಂತೆ. ಒಣಗಿದ ಸೋರೆಬುರುಡೆಯೊಳಗೆ ಸುದ್ದಿ ಇಟ್ಟು, ಬಾಯಿಗೆ ಜೇನುಮೇಣ ಮೆತ್ತಿ, ನೀರಿಗೆ ಬಿಡೋದು. ಬೆಳಗಿನ ಗಾಳಿ ಆಚೆಯದನ್ನ ಈಚೆಗೆ ತರೋದು, ಸಂಜೆ ಗಾಳಿ ಈಚೆಯದನ್ನ ಆಚೆಗೆ ಒಯ್ಯೋದು. ಗಂಡು ಹುಟ್ಟಿದ್ರೆ ಒಳಗೊಂದು ಅಡಿಕೆ, ಹೆಣ್ಣು ಹುಟ್ಟಿದ್ರೆ ಅರಿಶಿನದ ಕೊಂಬು, ಯಾರಾದ್ರೂ ತೀರಿಹೋದ್ರೆ ಒಂದು ಚೂರು ಇದ್ದಿಲು.

ಪಡುವಣ ದಡದಲ್ಲಿ ಚಿಕ್ಕೀರ ಅಂತ ಒಬ್ಬ ಹರಿಗೋಲಿನವನು ಇದ್ನಂತೆ. ಹೆಸರು ಚಿಕ್ಕೀರ, ಬಾಯಿ ಮಾತ್ರ ಊರಗಲ. ನಾನು ಕೂಗು ಹಾಕಿದ್ರೆ ಆಚೆ ದಡದ ಗಡಿಗೇಲಿ ಹಾಲು ಒಡೆದು ಹೋಗ್ತದೆ ಅನ್ನೋನು. ನಾನು ಹುಟ್ಟು ಹಾಕಿದ್ರೆ ಬಿರುಗಾಳಿ ದಾರಿ ಬಿಟ್ಟು ನಿಂತ್ಕೊಳ್ತದೆ ಅನ್ನೋನು. ಒಂದ್ಸಲ ತುಂಬಿದ ಹೊಳೇನ ನನ್ನ ಉಡುದಾರದಲ್ಲಿ ಕಟ್ಟಿಹಾಕಿದ್ದೆ, ಪಾಪ ಅಳ್ತು ಅಂತ ಬಿಟ್ಟುಬಿಟ್ಟೆ ಅನ್ನೋನು. ಈ ಮೂರು ಬಡಾಯಿ ಕೇಳಿ ಕೇಳಿ ಊರಿನೋರಿಗೆ ಬಾಯಿಪಾಠ ಆಗಿಹೋಗಿತ್ತಂತೆ. ಅವನ ಹೆಂಡತಿ ಹೊಂಬಾಳಿ ಆಚೆ ದಡದೋಳು, ಅವನ ಅಕ್ಕನ ಮಗಳೇ. ಅವಳು ಮಾತ್ರ, ಮಾವ, ನಿಂಗೆ ಮೆತ್ತಗೆ ಮಾತಾಡೋಕೆ ಬಂದ ದಿನ ಕೆರೆಗೆ ಕೊಂಬು ಬರ್ತದೆ, ಅಂತ ನಗೋಳಂತೆ.

ಆಮೇಲೆ ಆ ಹೊಂಬಾಳಿ ಚೊಚ್ಚಲ ಬಸುರಿಯಾಗಿ ಹೆರಿಗೆಗೆ ತವರಿಗೆ ಹೋದಳಂತೆ. ಅವನೇ ಹರಿಗೋಲಲ್ಲಿ ಕೂರಿಸಿಕೊಂಡು ಬಿಟ್ಟು ಬಂದ. ಬಂದ ಮಾರನೇ ದಿನ ಮಳೆ ಹಿಡೀತು ನೋಡು, ಎಂಥ ಮಳೆ ಅಂತೀಯ, ಕಪ್ಪೆಗಳೇ ಸಾಕಪ್ಪ ಸಾಕು ಅಂತ ಜಗಲಿ ಹತ್ತಿ ಕೂತ್ವಂತೆ! ಹಳ್ಳ ಎಲ್ಲ ಕೆರೆಗೆ ಬಿದ್ದು, ಕೆರೆ ಉಬ್ಬಿ ಉಬ್ಬಿ, ಎಷ್ಟೋ ವರ್ಷದಿಂದ ಹರಿಯದಿದ್ದ ಕೋಡಿ ಹರೀತಂತೆ. ಕೋಡಿ ಅಂದ್ರೆ ಹೆಚ್ಚಾದ ನೀರು ಹೊರಗೆ ಬೀಳೋ ಜಾಗ ಕಂದ. ಆ ಕೆರೇಲಿ ಅದು ದೂರದ ಮೂಲೇಲಿ, ಎರಡು ಬಂಡೆ ನಡುವಿನ ಸಂದಿನಲ್ಲಿತ್ತು. ಚಿಕ್ಕೀರ ನಡೆದಾದ್ರೂ ಹೋಗೋಣ ಅಂದ್ರೆ ದಾರೀಲಿ ಮೂರು ಹಳ್ಳ, ಮೂರೂ ತುಂಬಿ ಬೋರ್ಗರೀತಿದ್ವು.

ಅವನು ದಿನಾ ಬೆಳಗಾಗೆದ್ದು ದೋಣಿಗಟ್ಟೇಲಿ ಕೂರೋನಂತೆ, ಬುರುಡೆ ಬರ್ತದಾ ಅಂತ. ಮರದ ಎಲೆ ತೇಲಿದ್ರೂ ಬಗ್ಗಿ ನೋಡೋನು. ಏನೂ ಬರಲಿಲ್ಲ. ನೀರಿಗೆ ಹೋದ ಹೆಂಗಸರು, ಏನ್ಲಾ ಚಿಕ್ಕೀರ, ಸುದ್ದಿ ಬಂತಾ ಅಂದ್ರೆ, ಬರ್ತದೆ ಅತ್ತೆ, ಅವಳಿ ಜವಳಿ ಇರಬೇಕು, ಬುರುಡೆ ಭಾರಕ್ಕೆ ನಿಧಾನ ಬರ್ತದೆ ಅಂತ ನಗಿಸಿ ಕಳಿಸೋನು. ಅವರು ಹೋದ ಮೇಲೆ ನಗು ಹೋಗಿ, ಎದೇಲಿ ಅದೇ ಇದ್ದಿಲ ಚೂರು ಕೂತ್ಕೊಳೋದು. ಅಡಿಕೆ ಬೇಡ, ಅರಿಶಿನ ಬೇಡ, ಅದೊಂದು ಬರದೆ ಹೋಗ್ಲಿ ಅಂತ ನೀರಿಗೆ ಕೈ ಮುಗಿಯೋನು.

ಸಂಜೆ ಗಾಳಿಗೆ ತಾನೂ ಬುರುಡೆ ಬಿಟ್ಟನಂತೆ. ಮೊದಲನೇದರಲ್ಲಿ ಅವಳು ಬಾಯಿ ಚಪ್ಪರಿಸ್ತಿದ್ದ ಹುಣಸೆಹಣ್ಣು. ಎರಡನೇದರಲ್ಲಿ ಹಸಿರು ಗಾಜಿನ ಬಳೆ. ಉತ್ತರ ಇಲ್ಲ. ಮೂರನೇದಕ್ಕೆ ಏನು ಇಡೋದು ಅಂತ ಮನೆಯೆಲ್ಲ ಹುಡುಕಿದ, ಅವಳಿಲ್ಲದ ಮನೇಲಿ ಏನಿರ್ತದೆ? ಕೊನೆಗೆ ಬುರುಡೆಯ ಬಾಯಿಗೆ ತನ್ನ ಬಾಯಿ ಇಟ್ಟು, ಹೊಂಬಾಳೀ ಅಂತ ಒಂದು ಕೂಗು ಒಳಗೆ ಬಿಟ್ಟು, ಅದು ಹೊರಗೆ ಬರೋದರೊಳಗೆ ಗಬಕ್ಕನೆ ಮೇಣ ಮೆತ್ತಿಬಿಟ್ಟನಂತೆ. ಅದನ್ನ ನೀರಿಗೆ ಬಿಟ್ಟು, ಕತ್ತಲಲ್ಲಿ ಅದು ಮರೆಯಾಗೋವರೆಗೂ ನೋಡ್ತಾ ನಿಂತ.

ಹೀಗಿರೋವಾಗ ಒಂದು ದಿನ ನೀರುಗಂಟಿ ಮಂಚಯ್ಯ, ಅಂದ್ರೆ ಕೆರೆ ಕಾಯೋ ಮುದುಕ, ಓಡೋಡಿ ಬಂದನಂತೆ. ಕೋಡಿಯ ಸದ್ದು ಸತ್ತಿದೆ ಕಣ್ರಪ್ಪೋ ಅಂದ. ಸದ್ದು ಸತ್ರೆ ಏನು ಅಂದ್ರು. ಸಂದಿನಲ್ಲಿ ಮರಗಿಡ ಬಂದು ಸಿಕ್ಕೊಂಡಿದೆ, ಒಳಗೆ ಬರೋ ನೀರು ಬರ್ತಾನೇ ಇದೆ, ಹೊರಗೆ ಹೋಗೋದು ಮುಕ್ಕಾಲು ನಿಂತಿದೆ. ನಮ್ಮದು ದಿಣ್ಣೆ, ನಾವು ಬದುಕಿದ್ವಿ. ಇನ್ನೊಂದು ಗೇಣು ಏರಿದ್ರೆ ಆಚೆ ತಗ್ಗಿನ ಊರು ನೀರೊಳಗೆ, ಅಂದ.

ಎಲ್ಲರೂ ಚಿಕ್ಕೀರನ ಮುಖ ನೋಡಿದ್ರು. ಅಲ್ಲಿದ್ದ ಒಬ್ಬ ತರಲೆ, ಏನಣ್ಣ, ಉಡುದಾರ ತರ್ಲಾ, ಕಟ್ಟಿಹಾಕ್ತೀಯಾ ಅಂದನಂತೆ. ಚಿಕ್ಕೀರ ನಗಲಿಲ್ಲ. ಅವನು ನಗದಿದ್ದದ್ದು ನೋಡಿ ಆ ತರಲೆಯೂ ತಲೆ ತಗ್ಗಿಸಿದ.

ಮೊದಲು ಅವನು ದಿಣ್ಣೆಯ ತುದಿಗೆ ಹೋಗಿ, ಎದ್ದು ಮೇಲಕ್ಕೆ ಹೋಗ್ರೋ ಅಂತ ಆಚೆ ದಡದೋರಿಗೆ ಕೂಗಿದನಂತೆ. ಹಾಲು ಒಡೆಸೋ ಗಂಟಲು! ಮಳೆ ಆ ಕೂಗನ್ನ ಹುರಿಗಾಳು ಮೆದ್ದ ಹಾಗೆ ಮೆದ್ದುಬಿಡ್ತು. ಗಂಟಲೇ ಬಿದ್ದುಹೋಯ್ತು, ಆಚೆ ದಡದಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

ಆಮೇಲೆ ಮಚ್ಚು ಸೊಂಟಕ್ಕೆ ಸಿಕ್ಕಿಸಿ ಹರಿಗೋಲು ಇಳಿಸಿದ. ಬೇಡ ಕಣ್ಲಾ, ಕೆರೆ ನುಂಗ್ತದೆ ಅಂದ ಮಂಚಯ್ಯ. ಸೋತ ಗಂಟಲಲ್ಲಿ ಅವನು, ನುಂಗಲಿ ತಾತ, ನನ್ನ ಜೀರ್ಣ ಮಾಡ್ಕೊಳ್ಳೋಕೆ ಅದಕ್ಕೂ ವಾರ ಬೇಕು, ಅಂದು ಹುಟ್ಟು ಹಾಕಿದ. ಬಿರುಗಾಳಿ ದಾರಿ ಬಿಡ್ತಾ? ಎಲ್ಲಿ ಬಿಡ್ತದೆ! ಹರಿಗೋಲು ರಾಗಿಬೀಸೋ ಕಲ್ಲಿನ ಹಾಗೆ ಗರಗರ ತಿರುಗ್ತು. ಅವನು ಮೂಡಣಕ್ಕೆ ಹುಟ್ಟು ಹಾಕಿದ್ರೆ ಅದು ಮೂಲೆ ಕಡೆಗೇ ಎಳ್ಕೊಂಡು ಹೋಗ್ತಿತ್ತಂತೆ. ಆಗ ಅವನಿಗೆ ಹೊಳೀತು. ಅಯ್ಯೋ ನನ್ನ ಬುದ್ಧಿಗೆ ಮಂಕು ಬಡಿಯಾ, ಕೆರೆ ತುಂಬಿ ಕೋಡಿ ಹರಿಯೋವಾಗ ಬೆಳಗಿನ ಗಾಳಿ ಏನು, ಸಂಜೆ ಗಾಳಿ ಏನು, ತೇಲೋದೆಲ್ಲ ಹೋಗೋದು ಕೋಡಿಗೇ ಅಲ್ವಾ! ಕೆರೆ ಅಷ್ಟು ತುಂಬಿದ್ದನ್ನ ಅವನು ಕಂಡಿದ್ರೆ ತಾನೆ ಗೊತ್ತಾಗೋದು.

ಹರಿಗೋಲು ಹೋಗಿ ಎರಡು ಬಂಡೆ ನಡುವಿನ ಕಸದ ರಾಶಿಗೆ ಡಿಕ್ಕಿ ಹೊಡೀತು. ಒಂದು ಹೊಂಗೆಮರ ಬೇರು ಸಮೇತ ಅಡ್ಡ ಬಿದ್ದಿತ್ತು, ಅದರ ಮೇಲೆ ಬಿದಿರು, ಜೊಂಡು, ಯಾರದೋ ಕೊಟ್ಟಿಗೆ ಚಾವಣಿ. ಆ ಜೊಂಡಿನೊಳಗೆ ಏನಿತ್ತು ಅಂತೀಯ ಕಂದ? ಅವನು ಬಿಟ್ಟ ಮೂರು ಬುರುಡೆ. ಅವುಗಳ ಪಕ್ಕದಲ್ಲೇ, ಕೆನ್ನೆಗೆ ಕೆನ್ನೆ ತಾಗಿಸ್ಕೊಂಡು, ಹೊಂಬಾಳಿ ತನ್ನ ಬುರುಡೆಗಳ ಕತ್ತಿಗೆ ಕಟ್ಟೋ ಕೆಂಪು ದಾರ ಇದ್ದ ಮೂರು ಬುರುಡೆ! ಆ ದಡದಲ್ಲಿ ಅವಳು, ಈ ದಡದಲ್ಲಿ ಇವನು, ಒಬ್ಬರನ್ನೊಬ್ಬರು ಮರೆತರು ಅಂತ ಮರುಗ್ತಾ ಕೂತಿದ್ರೆ, ಅವರ ಬುರುಡೆಗಳು ಇಲ್ಲಿ ಸಂಸಾರ ಮಾಡ್ತಿದ್ವಂತೆ.

ಚಿಕ್ಕೀರನಿಗೆ ಕೋಡಿ ಮರೆತೇಹೋಯ್ತು. ಜೊಂಡು ಕಿತ್ತು ಎಸೆದು ಅವಳ ಮೊದಲನೇ ಬುರುಡೆ ಎಳ್ಕೊಂಡು ಮೇಣ ಬಿಡಿಸಿದ, ಅರಿಶಿನದ ಕೊಂಬು. ಹೆಣ್ಣು! ಬಿದಿರು ಸರಿಸಿ ಎರಡನೇದು ಎಳೆದ, ಒಳಗೆ ಒಂದು ದಾರ, ಎರಡು ತುದಿಗೂ ಗಂಟು. ಏನಿದು ಅಂತ ಕೈಮೇಲೆ ಇಟ್ಟು ನೋಡಿದ, ಬೆರಳ ತುದಿಯಿಂದ ಮೊಣಕೈ ದಾಟ್ತು. ಮಗೀನ ಉದ್ದ ಕಣೋ ಅದು, ಅಳೆದು ಕಳಿಸಿದ್ದಳು. ಅವನು ಆ ದಾರಾನ ತೋಳಲ್ಲಿ ಮಲಗಿಸ್ಕೊಂಡು ಮಳೇಲೇ ಒಂದು ಗಳಿಗೆ ಕೂತಿದ್ನಂತೆ.

ಮೂರನೇ ಬುರುಡೆ ಹೊಂಗೆ ಕೊಂಬೆ ಕೆಳಗೆ ಬಲವಾಗಿ ಸಿಕ್ಕೊಂಡಿತ್ತು. ಇದ್ದಿಲೇನಾದ್ರೂ ಇದ್ದೀತಾ ಅಂತ ಜೀವ ಬಾಯಿಗೆ ಬಂತು. ತೆಗೆದ ಎರಡಕ್ಕೂ ಮತ್ತೆ ಮೇಣ ಮೆತ್ತಿ, ಕೈಗೆ ಸಿಕ್ಕಿದ ಐದೂ ಬುರುಡೇನ ಈಜು ಕಲಿಯೋ ಮಕ್ಕಳ ಹಾಗೆ ಸೊಂಟದ ಸುತ್ತ ಕಟ್ಕೊಂಡು, ಮಚ್ಚು ಎತ್ತಿ ಆ ಕೊಂಬೆಗೆ ಹೊಡೆದ, ಹೊಡೆದ, ಹೊಡೆದ. ಬುರುಡೆ ಕೈಗೆ ಬಂತು. ಅದರ ಹಿಂದೇನೇ ಕೊಂಬೆ ಮುರೀತು, ಮರ ಮಗ್ಗುಲಾಯ್ತು, ರಾಶಿಗೆ ರಾಶಿಯೇ ಕಿತ್ಕೊಂಡು ಕೋಡಿ ಆನೆ ಘೀಳಿಟ್ಟ ಹಾಗೆ ಹೊರಟೇಬಿಡ್ತು! ಹರಿಗೋಲು ಚೂರುಚೂರಾಯ್ತು. ಚಿಕ್ಕೀರ ಮುಳುಗಿದ, ಎದ್ದ, ಮುಳುಗಿದ, ಎದ್ದ. ಅವಳ ಬುರುಡೆ ಮೂರು, ಅವನ ಬುರುಡೆ ಮೂರು, ಆರೂ ಸೇರಿ ಅವನನ್ನ ಮುಳುಗೋಕೆ ಬಿಡಲಿಲ್ಲ, ಎತ್ಕೊಂಡು ಹೋಗಿ ಮೂಡಣ ಕಡೆಯ ಬಂಡೆ ಮೇಲೆ ಹಾಕಿದ್ವಂತೆ. ಅಲ್ಲಿ ಕೂತು ಅವಳ ಮೂರನೇದನ್ನ ತೆಗೆದ. ಖಾಲಿ. ಇದ್ದಿಲಿಲ್ಲ, ಏನೂ ಇಲ್ಲ. ಹೇಳೋದೆಲ್ಲ ಹೇಳಾಯ್ತು, ಇನ್ನು ನೀನೇ ಬಾ ಅಂತ.

ಅವನು ಹೋದ. ತವರಿನ ಹೊಸಿಲಲ್ಲಿ ನೀರು ಬಂದು ನಿಂತಿತ್ತು, ಅವನು ಅಂಗಳಕ್ಕೆ ಕಾಲಿಡೋ ಹೊತ್ತಿಗೆ ಒಂದು ಬೆರಳು ಹಿಂದೆ ಸರಿದಿತ್ತಂತೆ. ಅಟ್ಟದ ಮೇಲೆ ಕೂಸು ಎತ್ಕೊಂಡು ಕೂತಿದ್ದ ಹೊಂಬಾಳಿ, ಊರಿಗೆಲ್ಲ ಕೇಳಿಸೋ ಬಾಯಿ ಇಟ್ಕೊಂಡು ನನಗೊಂದು ಮಾತು ಕಳಿಸೋಕೆ ಆಗಲಿಲ್ವಾ ಮಾವ, ಅಂತ ಬೈಯೋಕೆ ಶುರು ಮಾಡಿ ಅಳೋಕೆ ಶುರು ಮಾಡಿದಳು. ಅವನಿಗೆ ಗಂಟಲು ಇಲ್ಲ. ಸೊಂಟದಿಂದ ತನ್ನ ಮೂರು ಬುರುಡೆ ಬಿಚ್ಚಿ ಅವಳ ಮುಂದೆ ಇಟ್ಟ. ಹುಣಸೆಹಣ್ಣು ಬಾಯಿಗೆ ಹಾಕ್ಕೊಂಡಳು, ಬಳೆ ತೊಟ್ಕೊಂಡಳು. ಮೂರನೇದರ ಮೇಣ ಬಿಡಿಸಿ ಒಳಗೆ ನೋಡಿದಳು, ಏನೂ ಕಾಣಲಿಲ್ಲ. ಕಿವಿಗೆ ಹಿಡ್ಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಹಿಡ್ಕೊಂಡೇ ಇದ್ದಳು. ಆಮೇಲೆ ಅವನನ್ನ ನೋಡಿ, ಇಷ್ಟು ಮೆತ್ತಗೆ ಕರೆಯೋಕೆ ಯಾವಾಗ ಕಲಿತೆ ಮಾವ, ಅಂದಳಂತೆ.

ಕೂಸನ್ನ ಅವನ ತೋಳಿಗೆ ಕೊಟ್ಟಳು. ಆ ದಾರದಷ್ಟೇ ಉದ್ದ ಇತ್ತು. ಇಲ್ಲ, ಒಂದು ಎಳ್ಳಷ್ಟು ಬೆಳೆದಿತ್ತು.

ಮಳೆ ನಿಂತ ಮೇಲೆ ಮೂವರೂ ಊರಿಗೆ ಬಂದು ಸುಖವಾಗಿದ್ರಂತೆ. ಚಿಕ್ಕೀರ ಕೋಡಿ ಬಿಡಿಸಿದ ಕತೇನ ಊರಿಗೆಲ್ಲ ಹೇಳಿದ, ಅದೊಂದನ್ನ ಮಾತ್ರ ಯಾರೂ ನಂಬಲಿಲ್ಲ, ಉಡುದಾರದ್ದೇ ಇನ್ನೊಂದ್ಸಲ ಹೇಳು ಅಂದ್ರಂತೆ. ಹೂಂ ಅನ್ನೋ ಕಂದ. ಹೂಂ ಅನ್ನಲ್ವಾ? ಸರಿ ಹಾಗಾದ್ರೆ, ಕೆರೆ ತಣ್ಣಗಾಯ್ತು, ಕಂದನ ಕಣ್ಣು ಮುಚ್ಚಿಹೋಯ್ತು, ಅಜ್ಜಿಯ ಕತೆ ದಡಕ್ಕೆ ಬಂದು ಮುಗೀತು.