ಚೌಕದ ಹೊರಗಿನ ಸಾಲು

"ಗುರುಗಳೇ, ಒಂದು ಪುಟ ಎಲ್ಲ ಬ್ರೌಸರುಗಳಲ್ಲೂ ಒಂದೇ ಥರ ಕಂಡರೆ, ಅದು ಸರಿಯಾಯಿತು ಎಂದು ತಿಳಿಯಬಹುದೆ?" ಎಂದು ಶಿಷ್ಯ ಕೇಳಿದ.

ಗುರುಗಳು ವೆಬ್ ಪುಟ ಕಟ್ಟುವ ವಿದ್ಯೆಯನ್ನು ಕಲಿಸುತ್ತಿದ್ದವರು. ಶಿಷ್ಯ ಆ ವಾರವೆಲ್ಲ ಒಂದು ಆಸ್ಪತ್ರೆಯ ಪುಟದ ಮುಂದೆ ಕುಳಿತು ಕಣ್ಣು ಕೆಂಪು ಮಾಡಿಕೊಂಡಿದ್ದ. ಮನೆಗೆ ಮರಳಿದ ರೋಗಿಗಳು ಯಾವ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ತಿಳಿಸುವ ಪುಟ ಅದು. ಉಳಿದ ಬ್ರೌಸರುಗಳಲ್ಲಿ ಚೆನ್ನಾಗಿಯೇ ಇತ್ತು. ಒಂದರಲ್ಲಿ ಮಾತ್ರ ಚೌಕದೊಳಗಿನ ಬರಹ ಕೆಳಗೆ ಚೆಲ್ಲುತ್ತಿತ್ತು.

"ಹೇಗೆ ಸರಿಮಾಡಿದೆ?" ಎಂದು ಗುರುಗಳು ಕೇಳಿದರು.

"ಪುಟ ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್ ಶೀಟಿನಲ್ಲಿ ಒಂದೇ ಒಂದು ಸಾಲು ಬರೆದೆ. ಚೌಕದಿಂದ ಹೊರಗೆ ಹೋದದ್ದನ್ನು ಮರೆಮಾಡು ಎಂದೆ. ಈಗ ಎಲ್ಲದರಲ್ಲೂ ಒಂದೇ ಥರ ಕಾಣುತ್ತದೆ."

ಶಿಷ್ಯನ ಮುಖದಲ್ಲಿ ಗೆದ್ದವನ ಕಳೆ ಇತ್ತು. ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆಯನ್ನು ಹೇಳಿದರು.

ಒಂದು ನದಿಗೆ ಅಣೆಕಟ್ಟೆ ಇತ್ತು. ಅಣೆಕಟ್ಟೆಯಿಂದ ನೀರು ಬಿಡುವ ದಿನ ಕೆಳಗಿನ ಊರುಗಳಲ್ಲಿ ಮೊದಲೆಲ್ಲ ಡಂಗುರ ಸಾರುತ್ತಿದ್ದರು. ಆಮೇಲೆ ಅಣೆಕಟ್ಟೆಯ ಕಚೇರಿಯವರು ಒಂದು ವೆಬ್ ಪುಟ ಮಾಡಿಸಿದರು. ಪುಟ ಬಂತಲ್ಲ, ಇನ್ನು ಡಂಗುರ ಯಾಕೆ ಎಂದು ಅದನ್ನು ನಿಲ್ಲಿಸಿದರು. ಅಣೆಕಟ್ಟೆಯ ಮೇಲೆ ಸೈರನ್ ಇತ್ತು. ಅದು ಕೆಳಗಿನ ಊರುಗಳಿಗೆ ಕೇಳಿಸುತ್ತಿರಲಿಲ್ಲ.

ಆ ಪುಟವನ್ನು ಕಟ್ಟಿದವನು ಒಬ್ಬ ಪುಟಗಾರ. ಕೆಲಸ ಬಲ್ಲವನು, ಸೋಮಾರಿಯಲ್ಲ, ಕೆಟ್ಟವನೂ ಅಲ್ಲ. ಕತೆಯಲ್ಲಿ ಒಬ್ಬ ಕೆಟ್ಟವನಿದ್ದರೆ ಕೇಳುವವರಿಗೆ ಅನುಕೂಲ. ಇಲ್ಲಿ ಅಂಥವನು ಯಾರೂ ಇಲ್ಲ.

ಪುಟದಲ್ಲಿ ಒಂದರ ಕೆಳಗೆ ಒಂದು ಚೌಕಗಳಿದ್ದವು. ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ ಆ ದಿನದ ನೀರಿನ ಸುದ್ದಿ. ಅದರ ಕೆಳಗೆ ಅಣೆಕಟ್ಟೆಯ ಚಿತ್ರ. ಸುದ್ದಿ ಬರೆಯಲು ಕಚೇರಿಯಲ್ಲಿ ಒಂದು ರೂಢಿ ಇತ್ತು. ಮೊದಲ ಸಾಲಿನಲ್ಲಿ ಬೆಳಗಿನ ಸ್ಥಿತಿ, ಎರಡನೆಯ ಸಾಲಿನಲ್ಲಿ ಮುಂದಿನ ಎಚ್ಚರಿಕೆ. ಎಚ್ಚರಿಕೆ ಕೊಡುವಂಥದ್ದು ಏನೂ ಇಲ್ಲದ ದಿನ ಮೊದಲ ಸಾಲು ಮಾತ್ರ ಇರುತ್ತಿತ್ತು.

ಚೌಕಗಳೆಲ್ಲ ಒಂದೇ ಎತ್ತರ ಇರಬೇಕು ಎಂಬುದು ಪುಟಗಾರನ ಹಟ. ಎರಡು ಸಾಲು ಹಿಡಿಸುವಷ್ಟು ಎತ್ತರವನ್ನು ಅವನೇ ಅಳೆದು, ಸ್ಟೈಲ್ ಶೀಟಿನಲ್ಲಿ ಅಂಕಿಯಾಗಿ ಬರೆದುಬಿಟ್ಟ. ಅವನ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡಿತು. ಕಚೇರಿಯ ಅಧಿಕಾರಿ ನೋಡಿ ಬೆನ್ನು ತಟ್ಟಿದ.

ಆ ಅಣೆಕಟ್ಟೆಯ ಕೆಳಗೆ ಒಂದು ಊರು. ಊರಿನಲ್ಲಿ ಒಬ್ಬ ಅಂಬಿಗ. ಬೆಳಿಗ್ಗೆ ಹೊಲದ ಕೆಲಸಕ್ಕೆ ಹೋಗುವ ಹೆಂಗಸರನ್ನು ಹರಿಗೋಲಿನಲ್ಲಿ ಆಚೆ ದಡಕ್ಕೆ ಬಿಡುವುದು, ಕೆಲಸ ಮುಗಿದ ಮೇಲೆ ಈಚೆಗೆ ಕರೆತರುವುದು ಅವನ ಬದುಕು. ಅವನಿಗೂ ಅವನ ಹೆಂಡತಿಗೂ ಓದು ಬರುತ್ತಿರಲಿಲ್ಲ. ಹೆಂಡತಿಯ ಬಳಿ ಯಾರೋ ಬಳಸಿ ಬಿಟ್ಟ ಒಂದು ಹಳೆಯ ಫೋನಿತ್ತು. ಅದರಲ್ಲಿ ಪುಟ ತೆಗೆಯುವುದನ್ನು ಮಾತ್ರ ಅವಳು ಕಲಿತಿದ್ದಳು.

ಆ ಫೋನಿನ ಹಳೆಯ ಬ್ರೌಸರಿಗೆ ಪುಟಗಾರ ಆರಿಸಿದ ಫಾಂಟು ಗೊತ್ತಿರಲಿಲ್ಲ. ಅದು ತನ್ನದೇ ದಪ್ಪ ಕನ್ನಡ ಅಕ್ಷರ ಹಾಕಿಕೊಳ್ಳುತ್ತಿತ್ತು. ಅಕ್ಷರ ಅಗಲವಾದದ್ದರಿಂದ ಮೊದಲ ಸಾಲೇ ಮುರಿದು ಎರಡಾಗಿ ಚೌಕವನ್ನು ತುಂಬಿಬಿಡುತ್ತಿತ್ತು. ಎಚ್ಚರಿಕೆಯ ಸಾಲಿಗೆ ಜಾಗ ಸಿಗದೆ ಅದು ಚೌಕದ ಹೊರಗೆ ಬಂದು, ಕೆಳಗಿನ ಚಿತ್ರದ ಮೇಲೆ ಬೀಳುತ್ತಿತ್ತು. ನೋಡಲು ವಿಕಾರ. ಆದರೆ ಇತ್ತು.

ಗಂಡ ಹೆಂಡತಿ ಮೊದಮೊದಲು ಊರವರಿಂದ ಅದನ್ನು ಓದಿಸಿದರು. ಬರಬರುತ್ತಾ ಓದಿಸುವುದೇ ಬೇಡವಾಯಿತು. ಚೌಕದ ಹೊರಗೆ ಅಕ್ಷರ ಇದ್ದ ದಿನವೆಲ್ಲ ನೀರು ಬರುತ್ತಿತ್ತು. ಇಲ್ಲದ ದಿನ ಬರುತ್ತಿರಲಿಲ್ಲ. ಹೊರಗೆ ಅಕ್ಷರ ಕಂಡರೆ ಅಂಬಿಗ ಹೆಂಗಸರಿಗೆ, ಇವತ್ತು ಬಿಸಿಲು ನೆತ್ತಿಗೇರುವ ಮೊದಲೇ ದಡಕ್ಕೆ ಬಂದುಬಿಡಿ ಎನ್ನುತ್ತಿದ್ದ. ಅವರು ಅರ್ಧ ಕೆಲಸ ಬಿಟ್ಟು ಗೊಣಗುತ್ತಾ ಬರುತ್ತಿದ್ದರು, ಜೀವದಿಂದ ಬರುತ್ತಿದ್ದರು. ಹೀಗೆ ಒಂದು ಮಳೆಗಾಲ ಕಳೆಯಿತು.

ಎರಡನೆಯ ಮಳೆಗಾಲದ ಆರಂಭದಲ್ಲಿ ಯಾರೋ ಒಬ್ಬ ಮೇಲಧಿಕಾರಿ ಹಳೆಯ ಫೋನೊಂದರಲ್ಲಿ ಆ ಪುಟ ನೋಡಿ ಮೂಗು ಮುರಿದ. ಅಣೆಕಟ್ಟೆಯ ಅಧಿಕಾರಿಗೆ ಮುಖಭಂಗವಾಯಿತು. ಅವನು ಪುಟಗಾರನನ್ನು ಕರೆಸಿದ.

"ಚಿತ್ರದ ಮೇಲೆ ಅಕ್ಷರ ಬಿದ್ದಿದೆಯಲ್ಲಪ್ಪ, ಏನಿದು ಅವತಾರ? ನನ್ನ ಕಂಪ್ಯೂಟರಿನಲ್ಲಿ ಹೇಗಿದೆಯೋ ಎಲ್ಲರಿಗೂ ಹಾಗೇ ಕಾಣಬೇಕು" ಎಂದ.

ಪುಟಗಾರ ಅಂಥದೇ ಹಳೆಯ ಫೋನೊಂದನ್ನು ಹುಡುಕಿ ತಂದು, ಕಂಪ್ಯೂಟರಿನ ಪಕ್ಕ ಇಟ್ಟುಕೊಂಡು ಕುಳಿತ. ನಿನ್ನ ಹಾಗೆಯೇ ಕುಳಿತ. ಚೌಕದ ಅಗಲ ಹೆಚ್ಚಿಸಿದ. ಹಳೆಯದರಲ್ಲಿ ಸರಿಹೋಯಿತು, ಹೊಸದರಲ್ಲಿ ಚೌಕ ಪರದೆಯಿಂದಾಚೆ ಹೋಯಿತು. ಅಂಚಿನ ಜಾಗ ಕಡಿಮೆ ಮಾಡಿದ. ಹೊಸದು ಸರಿಹೋಯಿತು, ಹಳೆಯದು ಮತ್ತೆ ಚೆಲ್ಲಿತು. ಹಳೆಯ ಬ್ರೌಸರಿಗೆಂದೇ ಬೇರೆ ನಿಯಮ ಬರೆದ. ಅದು ಮೂರನೆಯ ಒಂದು ಬ್ರೌಸರಿಗೂ ತಗುಲಿಕೊಂಡು ಅಲ್ಲಿ ಕೆಡಿಸಿತು. ಇತ್ತ ಎಳೆದರೆ ಅತ್ತ ಬಿಚ್ಚುವ ಗಿಡ್ಡ ಕಂಬಳಿಯ ಹಾಗೆ ಆಯಿತು. ಹಳೆಯ ಬ್ರೌಸರಿಗೂ ಅದನ್ನು ಮಾಡಿದವರಿಗೂ ಹಿಡಿಶಾಪ ಹಾಕಿದ.

ತಾನು ಬರೆದ ಎತ್ತರದ ಅಂಕಿಯನ್ನು ಅಳಿಸಿ ನೋಡೋಣ ಎಂದು ಅವನಿಗೆ ಹೊಳೆಯಲಿಲ್ಲ. ಅದನ್ನು ಅಳಿಸಿದ್ದರೆ ಚೌಕ ತನ್ನೊಳಗಿನ ಮಾತಿಗೆ ತಕ್ಕಂತೆ ತಾನೇ ಬೆಳೆಯುತ್ತಿತ್ತು. ಹೊಳೆದಿದ್ದರೂ ಮಾಡುತ್ತಿದ್ದನೋ ಇಲ್ಲವೋ. ಆಗ ಒಂದು ಕಡೆ ಚೌಕ ಗಿಡ್ಡ, ಇನ್ನೊಂದು ಕಡೆ ಉದ್ದ ಆಗುತ್ತಿತ್ತು. ಅಧಿಕಾರಿ ಕೇಳಿದ್ದು ಎಲ್ಲ ಕಡೆ ಒಂದೇ ಥರ ಕಾಣಲಿ ಎಂದು.

ಕೊನೆಗೆ ನೀನು ಬರೆದ ಸಾಲನ್ನೇ ಅವನೂ ಬರೆದ. ಹೊರಗೆ ಹೋದದ್ದನ್ನು ಮರೆಮಾಡು ಎಂದ. ಚಿತ್ರ ತೊಳೆದಿಟ್ಟ ಹಾಗೆ ಕಂಡಿತು. ಎಲ್ಲ ಬ್ರೌಸರುಗಳನ್ನೂ ಸಾಲಾಗಿ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದ. ಎಲ್ಲ ಕಡೆಯೂ ಅದೇ ಚೌಕ, ಅದೇ ಎತ್ತರ, ಅದೇ ಚಿತ್ರ. ಅವನು ನೋಡಿದ, ಓದಲಿಲ್ಲ. ಅಂದು ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದ.

ಕೆಲವು ದಿನಗಳ ಮೇಲೆ ಮೇಲಿನ ಸೀಮೆಯಲ್ಲಿ ಮಳೆ ಹೆಚ್ಚಾಯಿತು. ಕಚೇರಿಯವರು ರೂಢಿಯಂತೆ ಎರಡು ಸಾಲು ಬರೆದರು. ಬೆಳಿಗ್ಗೆ ನದಿಗೆ ನೀರು ಬಿಡುವುದಿಲ್ಲ ಎಂಬುದು ಮೊದಲ ಸಾಲು. ಮಧ್ಯಾಹ್ನದ ನಂತರ ಗೇಟುಗಳನ್ನು ತೆರೆಯಲಾಗುವುದು, ಯಾರೂ ನದಿಗೆ ಇಳಿಯಬಾರದು ಎಂಬುದು ಎರಡನೆಯದು.

ಅಂಬಿಗನ ಹೆಂಡತಿ ಎಂದಿನಂತೆ ಫೋನು ತೆಗೆದಳು. ಚೌಕ ನೋಡಿದಳು. ಚೌಕದ ಕೆಳಗೆ ನೋಡಿದಳು.

"ಹೊರಗ ಏನೈತಿ?" ಎಂದು ಅಂಬಿಗ ಕೇಳಿದ.

"ಏನೂ ಇಲ್ರಿ. ಚಿತ್ರ ಸ್ವಚ್ಛ ಕಾಣಾಕತ್ತೈತಿ."

"ಹಂಗಾರ ಹೆಂಗಸ್ರಿಗೆ ಕೆಲಸ ಮುಗಿಸ್ಕೊಂಡ ಬರ್ರಿ ಅಂತೀನಿ. ಹೊತ್ತು ಇಳಿದ ಮ್ಯಾಲೆ ಹೋಗಿ ಕರ್ಕೊಂಡು ಬರ್ತೀನಿ."

"ಹೋಗಿ ಬರ್ರಿ. ಬಂದು ಬಿಸಿ ರೊಟ್ಟಿ ಉಣ್ಣೀರಂತ."

ಹೊತ್ತು ಇಳಿದ ಮೇಲೆ ಅಂಬಿಗ ಆಚೆ ದಡಕ್ಕೆ ಹೋದ. ಹೆಂಗಸರು ಹತ್ತಿ ಕುಳಿತರು. ಅವತ್ತು ಪೂರ್ತಿ ಕೂಲಿ ಸಿಕ್ಕಿದ್ದರಿಂದ ನಗುತ್ತಿದ್ದರು. ಹರಿಗೋಲು ನಡು ನೀರಿಗೆ ಬಂದಾಗ ನದಿಯ ಬಣ್ಣ ಬದಲಾಯಿತು. ಅಂಬಿಗ ಹುಟ್ಟು ಹಾಕಿದ. ನದಿಯ ಎದುರು ಒಬ್ಬ ಮನುಷ್ಯನ ತೋಳು ಎಷ್ಟು ಹೊತ್ತು ನಿಂತೀತು? ಈಚೆ ದಡದಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ನೋಡಿದಳು.

ಹರಿಗೋಲು ಬಹಳ ಕೆಳಗೆ ಒಂದು ಬಂಡೆಗೆ ಸಿಕ್ಕಿಕೊಂಡಿತ್ತು. ಅದರಲ್ಲಿ ಯಾರೂ ಇರಲಿಲ್ಲ.

ಸತ್ತ ಹೆಂಗಸರ ಮನೆಯವರು ಅಂಬಿಗನ ಮನೆಯ ಮುಂದೆ ಬಂದು ನಿಂತರು. ಅಂಬಿಗನ ಹೆಂಡತಿಗೆ ಯಾರೂ ಸಮಾಧಾನ ಹೇಳಲಿಲ್ಲ. ನೀ ಏನ್ ನೋಡಿ ಕಳಿಸಿದಿ ಎಂದು ಕೇಳಿದರು. ಅವಳೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದಳು. ಕೊನೆಗೆ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಣೆಕಟ್ಟೆಯ ಕಚೇರಿಗೆ ನಡೆದಳು. ಪರಿಹಾರ ಕೇಳಲು ಹೋದವಳಲ್ಲ. ತನ್ನ ಕಣ್ಣು ಮೋಸ ಮಾಡಿತೋ ಇಲ್ಲವೋ ಎಂಬುದೊಂದು ತಿಳಿದರೆ ಸಾಕಾಗಿತ್ತು ಅವಳಿಗೆ.

ಅಧಿಕಾರಿ ಆ ದಿನದ ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ತೆಗೆಸಿದ. ಪುಟಗಾರನೂ ಅಲ್ಲೇ ಇದ್ದ. ಚೌಕದೊಳಗೆ ಎರಡೂ ಸಾಲುಗಳು ಸ್ಪಷ್ಟವಾಗಿದ್ದವು.

"ಇಲ್ಲಿ ನೋಡಮ್ಮ, ಬರೆದಿದ್ದೀವಲ್ಲ. ನಿನಗೆ ಓದೋಕೆ ಬರದಿದ್ರೆ ನಾವೇನು ಮಾಡೋಣ?" ಎಂದ ಅಧಿಕಾರಿ.

"ನಾ ನೋಡೇ ಕಳಿಸೀನ್ರಿ ಸಾಹೇಬ್ರ. ನೀರು ಬಿಡೋ ದಿನ ಅಕ್ಷರ ಹೊರಗ ಬರ್ತಿದ್ವು. ಅವತ್ತ ಹೊರಗ ಏನೂ ಇದ್ದಿಲ್ರಿ" ಎಂದು ಅವಳು ಫೋನನ್ನು ಮುಂದೆ ಹಿಡಿದಳು.

ಅಧಿಕಾರಿಗೆ ಅವಳ ಮಾತು ತಲೆಬುಡ ತಿಳಿಯಲಿಲ್ಲ. ಪುಟಗಾರ ಫೋನನ್ನು ಕೈಗೆ ತೆಗೆದುಕೊಂಡು ಅದರಲ್ಲೂ ಆ ದಿನದ ಪುಟ ತೆಗೆದ. ಅಚ್ಚುಕಟ್ಟಾದ ಚೌಕ. ಬೆಳಿಗ್ಗೆ ನದಿಗೆ ನೀರು ಬಿಡುವುದಿಲ್ಲ ಎಂಬ ಮಾತು ಪೂರ್ತಿ ಇತ್ತು. ಅದರ ಮುಂದೆ ಏನೋ ಇತ್ತು ಎಂಬ ಗುರುತು ಕೂಡ ಇರಲಿಲ್ಲ. ಕೆಳಗೆ ಅಣೆಕಟ್ಟೆಯ ಚಿತ್ರ, ಒಂದು ಕಲೆಯೂ ಇಲ್ಲದೆ.

"ಏನಪ್ಪಾ, ಪುಟ ಎಲ್ಲರಿಗೂ ಹೀಗೇ ಕಾಣುತ್ತೆ ತಾನೇ?" ಎಂದು ಅಧಿಕಾರಿ ಕೇಳಿದ.

ಪುಟಗಾರ ಆ ಹೆಂಗಸನ್ನು ನೋಡಿದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

"ಎಲ್ಲದರಲ್ಲೂ ಒಂದೇ ಥರ ಕಾಣುತ್ತದೆ, ಸರ್" ಎಂದ.

ಅವಳು ಫೋನನ್ನು ಮರಳಿ ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು. ಅಂಬಿಗನ ಅಜಾಗರೂಕತೆಯಿಂದ ಸಾವು ಸಂಭವಿಸಿತು ಎಂದು ಕಚೇರಿಯವರು ಬರೆದು ಮುಗಿಸಿದರು. ಆ ಊರಿನಲ್ಲಿ ಈಗಲೂ ಅದನ್ನು ಆ ಹೆಂಗಸಿನ ತಪ್ಪು ಎಂದೇ ಹೇಳುತ್ತಾರೆ. ಅವಳೂ ಹಾಗೆಯೇ ನಂಬಿದ್ದಾಳೆ.

ಅವಳು ಹೋದ ಮೇಲೆ ಪುಟಗಾರ ಮರೆಮಾಡುವ ಸಾಲನ್ನು ಅಳಿಸಿದ. ಎತ್ತರದ ಅಂಕಿಯನ್ನೂ ಅಳಿಸಿದ. ಹಳೆಯ ಫೋನಿನಲ್ಲಿ ಚೌಕ ತಾನಾಗಿಯೇ ಉದ್ದವಾಗಿ, ಎರಡು ಮಾತೂ ಒಳಗೆ ಕುಳಿತವು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಮುಖದ ಕಳೆ ಇಳಿದಿತ್ತು.

"ಅವನು ಅವಳೆದುರು ಸುಳ್ಳು ಹೇಳಬಾರದಿತ್ತು" ಎಂದ ಶಿಷ್ಯ.

"ಸುಳ್ಳು ಎಲ್ಲಿ ಹೇಳಿದ? ಚೌಕ ಎಲ್ಲದರಲ್ಲೂ ಒಂದೇ ಥರವೇ ಕಾಣುತ್ತಿತ್ತು. ನೀನು ಈಗ ತಾನೇ ನನ್ನೆದುರು ಹೇಳಿದೆಯಲ್ಲ, ಅಷ್ಟೇ ನಿಜ ಅದು."

ಶಿಷ್ಯ ತನ್ನ ಪುಟದ ಕಡೆ ತಿರುಗಿದ. ಮಾತ್ರೆಗಳ ಹೆಸರಿದ್ದ ಚೌಕಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿದ್ದವು. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು.

"ನಿನ್ನ ಪುಟದಲ್ಲಿ ಹೊರಗೆ ಚೆಲ್ಲಿತ್ತು ಎಂದೆಯಲ್ಲ, ಆ ಸಾಲಿನಲ್ಲಿ ಏನು ಬರೆದಿತ್ತು?"