ಹಿಂಬದಿ ಮುಚ್ಚಿದ ಪೆಟ್ಟಿಗೆ

“ಅವ್ವಾ, ನಾ ಮಾಡಿದ್ದರಾಗ ತಪ್ಪೇನೈತಿ?” ಎಂದು ಇಂದುಮತಿ ಕೇಳಿದಳು.

ಗಂಗೆಯ ದಡದ ಒಂದು ಊರಿನಲ್ಲಿ ಕನ್ನಡ ಯಾತ್ರಿಕರಿಗೆಂದು ಒಂದು ಛತ್ರವಿತ್ತು. ಅದರ ಹಿರಿಯಳು ಸಿದ್ಧವ್ವ. ಹುಬ್ಬಳ್ಳಿಯಲ್ಲಿ ಹುಟ್ಟಿ, ಬದುಕಿನ ಬಹುಪಾಲನ್ನು ಅಷ್ಟು ದೂರದ ಆ ದಡದಲ್ಲಿ ಕಳೆದವಳು. ಈಗ ಛತ್ರವನ್ನು ನಡೆಸುತ್ತಿದ್ದವಳು ಅವಳ ಶಿಷ್ಯೆ ಇಂದುಮತಿ. ರೈಲು ಯಾವ ಹೊತ್ತಿಗೆ ಬರಲಿ, ಬಾಗಿಲಲ್ಲಿ ಇಂದುಮತಿ ಇರುತ್ತಿದ್ದಳು. ಬಿಸಿನೀರು ಇರುತ್ತಿತ್ತು. ನಗುವೂ ಇರುತ್ತಿತ್ತು. ಯಾರಾದರೂ “ದಣದೀಯೇನ ತಾಯಿ?” ಎಂದರೆ, “ಛೇ, ದಣಿವೆಲ್ಲಿಯದು!” ಎನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತು ನಾಲಗೆಗೆ ಅಂಟಿಹೋಗಿತ್ತು.

ಆ ದಿನ ಒಬ್ಬ ಮುದುಕ ಮತ್ತೊಮ್ಮೆ ಸಾರು ಕೇಳಿದ. ಸೌಟನ್ನು ಅವನ ಎಲೆಯ ಮೇಲೆ ಎಸೆದುಬಿಡಬೇಕು ಎಂದು ಅವಳಿಗೆ ಅನ್ನಿಸಿತು. ಎಸೆಯಲಿಲ್ಲ. ನಕ್ಕು ಬಡಿಸಿದಳು. ಪಂಕ್ತಿ ಎದ್ದ ಮೇಲೆ ಕೀಲಿಕೈ ಗೊಂಚಲನ್ನು ತಂದು ಸಿದ್ಧವ್ವನ ಮುಂದೆ ಇಟ್ಟಳು.

“ಯಾರಿಗೂ ಕಡಿಮಿ ಮಾಡಿಲ್ಲ. ಯಾರ ಮುಂದೂ ಮಾರಿ ಸಣ್ಣದು ಮಾಡಿಲ್ಲ. ಆದರೂ ಒಳಗ ಏನೋ ನಿಂತುಹೋಗೇತಿ. ನಾಳೆ ನಾ ಹೊಂಡತೀನಿ. ಹೋಗೂಕಿಂತ ಮೊದಲ ತಪ್ಪೇನಂತ ಹೇಳವ್ವಾ.”

ಸಿದ್ಧವ್ವ ಕೀಲಿಕೈಯನ್ನು ಮುಟ್ಟಲಿಲ್ಲ.

“ಒಂದು ಪೆಟ್ಟಿಗಿ ಇತ್ತು,” ಎಂದಳು. “ಅದಕ್ಕ ತೊಡಸತಾರಲ್ಲ, ಅದು… ಗವ… ಗವಿ ಅಲ್ಲ. ತಂಬೂರಿಗಿ ತೊಡಸತಾರ, ದಿಂಬಿಗೂ ತೊಡಸತಾರ. ಇಲ್ಲಿಯವರ ಮಾತು ಆಡಿ ಆಡಿ ನಮ್ಮ ಮಾತು ಬಾಯಿಗಿ ಬರವಲ್ದು. ಇರಲಿ, ಹೊದಿಕಿ ಅನ್ನೂಣು.”

ಸಿದ್ಧವ್ವನ ಮೊಮ್ಮಗಳು ಮುಕ್ತಾ ಪಕ್ಕದಲ್ಲಿ ಪಾಟಿ ಹಿಡಿದು ಕುಳಿತಿದ್ದಳು. ಮರುದಿನದ ಊಟದ ಹೊತ್ತನ್ನು ಬರೆದು ಆ ಪಾಟಿಯನ್ನು ಬಾಗಿಲಿಗೆ ತೂಗುಹಾಕುವುದು ಅವಳ ಕೆಲಸ. ಬಂದವರು ಮೊದಲು ಓದುತ್ತಿದ್ದುದು ಅದನ್ನೇ. ಈಗ ಅವಳೂ ಬಳಪ ಕೆಳಗಿಟ್ಟು ಕೇಳತೊಡಗಿದಳು. ಸಿದ್ಧವ್ವ ಕತೆ ಹೇಳಿದಳು.

ಹುಬ್ಬಳ್ಳಿಯಲ್ಲಿ ಒಬ್ಬ ವಾದ್ಯಗಾರನಿದ್ದ. ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನ ಬಳಿ ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ಗಿಟಾರಿನ ದನಿಯನ್ನು ಸಭೆಗೆಲ್ಲ ಮುಟ್ಟಿಸುವ ಮರದ ಪೆಟ್ಟಿಗೆ. ಮುಂದೆ ಬಟ್ಟೆ. ಬಟ್ಟೆಯ ಹಿಂದೆ ಸ್ಪೀಕರ್. ಅದರ ಮೇಲುಗಡೆ, ದನಿಯನ್ನು ಹಿಗ್ಗಿಸುವ ಬಲ್ಬಿನಂಥ ಗಾಜಿನ ವಾಲ್ವುಗಳ ಸಾಲು. ಹಿಂಬದಿ ತೆರೆದಿತ್ತು. ಮಾಡಿದವರೇ ಹಾಗೆ ಮಾಡಿದ್ದರು. ವಾಲ್ವುಗಳು ಕೆಂಡದ ಹಾಗೆ ಕಾಯುತ್ತಿದ್ದವು. ಚಳಿಗಾಲದ ಮದುವೆಗಳಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ವಾದ್ಯಗಾರ ಪೆಟ್ಟಿಗೆಯ ಹಿಂದೆ ಕೈ ಚಾಚಿ ಬೆರಳು ಕಾಯಿಸಿಕೊಳ್ಳುತ್ತಿದ್ದ. ಪೆಟ್ಟಿಗೆಯ ದನಿ ನುಣುಪಲ್ಲ. ಅತ್ತು ಮುಗಿಸಿದವರ ಕೊರಳಿನಂತೆ ಸ್ವಲ್ಪ ಒರಟು. ಜನ ಆ ದನಿಗೆ ಕಿವಿಗೊಡುತ್ತಿದ್ದರು. ಅವನೂ ಅದನ್ನು ಬಿಟ್ಟು ಬೇರೆ ಪೆಟ್ಟಿಗೆ ಮುಟ್ಟಿದವನಲ್ಲ.

ಆದರೆ ಪೆಟ್ಟಿಗೆಯ ಮೈಮೇಲಿನ ರೆಕ್ಸಿನ್ ಹರಿದಿತ್ತು. ಟೆಂಪೋ ಹತ್ತಿ ಇಳಿದು ಮೂಲೆಗಳು ಸವೆದಿದ್ದವು. ಒಂದು ಮದುವೆಯಲ್ಲಿ ಡ್ರಮ್ ಬಾರಿಸುವವನು ಎಲ್ಲರೆದುರು ಕೂಗಿದ: “ಏನ್ರಿ ಮಾಸ್ತರ, ಕೋಳಿಗೂಡು ಹೊತಗೊಂಡು ಬಂದೀರಿ! ತತ್ತಿ ಇಡತೈತೇನ್ರಿ?”

ಎಲ್ಲರೂ ನಕ್ಕರು. ಆರ್ಕೆಸ್ಟ್ರಾದ ಮಾಲೀಕ ನಗಲಿಲ್ಲ.

“ಮುಂದಿನ ಮದುವಿ ದೊಡ್ಡವರ ಮನೀದು,” ಎಂದ. “ಇದು ಹಿಂಗ ಇದ್ದರ ನೀವಿಬ್ಬರೂ ಬರೂದು ಬ್ಯಾಡ.”

ಇಬ್ಬರೂ ಎಂದರೆ ಅವನೂ, ಪೆಟ್ಟಿಗೆಯೂ.

ವಾದ್ಯಗಾರ ಮನೆಗೆ ಬಂದು ಒಳಗಿನ ಯಂತ್ರವನ್ನು ಬಿಚ್ಚಿಟ್ಟ. ಬರಿಯ ಪೆಟ್ಟಿಗೆಯನ್ನು ಹೊತ್ತು, ಸ್ಕೂಟರಿಗೂ ಆಟೋಗೂ ಸೀಟು ಹೊಲಿಯುವವನ ಅಂಗಡಿಗೆ ಹೋದ. ಆ ಸೀಟಿನವನ ಕೈ ಒಳ್ಳೆಯದು. ಒಳಗಿನದು ಹೊರಗೆ ಕಾಣಬಾರದು ಎಂಬುದು ಅವನ ಕಸುಬಿನ ಮಾನ. ಅವನ ಅಂಗಡಿಯಿಂದ ಹೋದ ಸೀಟಿನಲ್ಲಿ ಮೊಳೆ ಕಾಣುತ್ತಿರಲಿಲ್ಲ. ಸ್ಪಂಜು ಕಾಣುತ್ತಿರಲಿಲ್ಲ. ತಳದ ಹಲಗೆಯೂ ಕಾಣುತ್ತಿರಲಿಲ್ಲ.

ಅವನು ಹಳೆಯ ರೆಕ್ಸಿನ್ನನ್ನು ಸುಲಿದ. ಮರಕ್ಕೆ ಕಚ್ಚಿಕೊಂಡಿದ್ದ ಅಂಟನ್ನು ಕೆರೆದ. ತಗ್ಗು ಬಿದ್ದ ಕಡೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ. ಮರಳುಕಾಗದ ಹಾಕಿ ತಿಕ್ಕಿದ. ಕಪ್ಪು ರೆಕ್ಸಿನ್ನನ್ನು ಅಳೆದು ಕತ್ತರಿಸಿ, ಅಂಟು ಸವರಿ, ಅಂಗೈಯಿಂದ ಒತ್ತಿ ಒತ್ತಿ ಗಾಳಿ ಹೊರಡಿಸಿದ. ಮೂಲೆಗಳನ್ನು ಸೆರಗಿನ ಅಂಚಿನಂತೆ ಮಡಿಸಿ—

“ಗವಸು!” ಎಂದಳು ಸಿದ್ಧವ್ವ. “ಗವಸು. ನೋಡು, ಕರದಾಗ ಬರಲಿಲ್ಲ. ಈಗ ತಾನ ಬಂತು.”

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. ಇಂದುಮತಿ ಏಳಲು ನೆಲಕ್ಕೆ ಕೈಯೂರಿದಳು. “ಬಿದ್ದದ್ದು ಅಲ್ಲೇ ಇರತೈತಿ. ಕೂಡು,” ಎಂದಳು ಸಿದ್ಧವ್ವ. ಇಂದುಮತಿ ಕುಳಿತಳು. ಆದರೆ ಅರ್ಧ ಮನಸ್ಸು ಅಡುಗೆಮನೆಯಲ್ಲೇ ಉಳಿಯಿತು. ಯಾರು ಎತ್ತಿಡುತ್ತಾರೆ? ನಾನೇ ಎತ್ತಿಡಬೇಕು.

ವಾದ್ಯಗಾರ ಪೆಟ್ಟಿಗೆ ಒಯ್ಯಲು ಬಂದ. ನೋಡಿ ಅವನ ಕಣ್ಣು ಅರಳಿತು. ಆಮೇಲೆ ಹಿಂದೆ ತಿರುಗಿಸಿದ. ಹಿಂಬದಿಗೂ ಹಲಗೆ ಬಂದಿತ್ತು. ಹಲಗೆಗೆ ಸ್ಪಂಜು, ಸ್ಪಂಜಿನ ಮೇಲೆ ರೆಕ್ಸಿನ್, ಅಂಚಿಗೆ ಹಿತ್ತಾಳೆಯ ಗುಂಡುತಲೆಯ ಮೊಳೆ. ಯಂತ್ರವನ್ನು ಮತ್ತೆ ಕೂರಿಸಲು ಬಿಚ್ಚುವಂತಿರಬೇಕಲ್ಲ ಎಂದು ಸೀಟಿನವನು ಹಲಗೆಯನ್ನು ಸ್ಕ್ರೂ ಹಾಕಿ ನಿಲ್ಲಿಸಿದ್ದ.

“ಹಿಂದ ಬರೇ ಬೈಲಿತ್ರಿ, ಮಾಸ್ತರ,” ಎಂದ ಸೀಟಿನವನು. “ಮುಂದ ಜರದ ಸೀರಿ ಉಡಿಸಿ ಹಿಂದ ಹಂಗ ಬಿಟ್ಟರ ನನಗ ನಾಚಿಕಿ. ಅದಕ್ಕ ಮುಚ್ಚೇನಿ. ಹ್ಯಾಂಗಾಗೇತ್ರಿ?”

ವಾದ್ಯಗಾರನಿಗೆ ಗೊತ್ತಿತ್ತು. ಕಾವು ಹೊರಬರುವ ದಾರಿ, ತಾನು ಬೆರಳು ಕಾಯಿಸಿಕೊಳ್ಳುತ್ತಿದ್ದ ಜಾಗ ಅದು. ಇದು ಬೇಡ ಎನ್ನಲು ಬಾಯಿ ತೆರೆದ. ಆದರೆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಪೆಟ್ಟಿಗೆಯನ್ನು ನೋಡುತ್ತಿದ್ದರು. ಕೋಳಿಗೂಡು ಎಂದು ನಕ್ಕ ನಗು ಇನ್ನೂ ಅವನ ಕಿವಿಯಲ್ಲಿತ್ತು. ಈಗ ಸುತ್ತ ಎಲ್ಲಿ ನೋಡಿದರೂ ಒಂದು ಸವಕಲಿಲ್ಲ. ಒಂದು ಬಿರುಕಿಲ್ಲ. ಒಳಗೆ ಏನಿದೆ ಎಂಬುದು ಯಾರಿಗೂ ಕಾಣುವಂತಿಲ್ಲ.

“ಚಲೋ ಆಗೇತಿ,” ಎಂದ.

ದೊಡ್ಡವರ ಮನೆಯ ಮದುವೆಯ ದಿನ ಬಂತು. ಪೆಟ್ಟಿಗೆ ವೇದಿಕೆ ಹತ್ತಿತು. ಮಾಲೀಕ ಅದರ ತಲೆಯ ಮೇಲೆ ಕೈಯಾಡಿಸಿ ಹೋದ. ಡ್ರಮ್ಮಿನವನು ಈ ಸಲ ತತ್ತಿಯ ಮಾತೆತ್ತಲಿಲ್ಲ.

ಮೊದಲ ಹಾಡಿಗೇ ದನಿ ದಪ್ಪವಾಗಿತ್ತು. ಕಂಬಳಿ ಹೊದ್ದವರು ಒಳಗಿಂದ ಮಾತಾಡಿದಂತೆ. ದನಿ ಮುಂದಿನ ಸಾಲಿಗೂ ಮುಟ್ಟಲಿಲ್ಲ ಎಂದು ವಾದ್ಯಗಾರ ಗುಂಡಿ ತಿರುವಿ ಜೋರು ಮಾಡಿದ. ಜೋರು ಮಾಡಿದಷ್ಟೂ ಒಳಗೆ ಕಾವು ಏರಿತು. ಹಾಡು ನಿಂತಾಗ ಅಭ್ಯಾಸದಂತೆ ಕೈ ಹಿಂದಕ್ಕೆ ಹೋಯಿತು. ಬೆರಳಿಗೆ ತಣ್ಣನೆಯ ನುಣುಪು ರೆಕ್ಸಿನ್ ತಾಗಿತು. ಕಾವಿರಲಿಲ್ಲ. ಕಾವು ಹೊರಗೆ ಬರುತ್ತಿರಲಿಲ್ಲ. ಪೆಟ್ಟಿಗೆಯ ನೆತ್ತಿಯನ್ನು ಮುಟ್ಟಿದ. ಕೈ ಹಿಂದೆಗೆದ. ಹೊಸ ರೆಕ್ಸಿನ್ ಅಲ್ಲಲ್ಲಿ ಗುಳ್ಳೆ ಎದ್ದಿತ್ತು.

ಆಗಲೂ ಹೊತ್ತು ಮೀರಿರಲಿಲ್ಲ. ಎದ್ದು ಪೆಟ್ಟಿಗೆಯನ್ನು ತಿರುಗಿಸಿ ಹಲಗೆ ಬಿಚ್ಚಬಹುದಿತ್ತು. ಆದರೆ ಸಭೆ ನೋಡುತ್ತಿತ್ತು. ಅವನು ಸಭೆಯನ್ನು ನೋಡಿ ನಕ್ಕ. ಇನ್ನೊಂದು ಹಾಡಿಗೆ ತಂತಿ ಮಿಡಿದ.

ಆ ಹಾಡಿನ ನಡುವೆ ಪೆಟ್ಟಿಗೆ ಸುಮ್ಮನಾಯಿತು. ಅವನ ಬೆರಳು ಆಡುತ್ತಿತ್ತು. ದನಿ ಇರಲಿಲ್ಲ. ಹಾಡುವವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಉಳಿದ ಹಾಡನ್ನು ಗಿಟಾರಿಲ್ಲದೆ ಮುಗಿಸಿದಳು. ಮಾಲೀಕ ಕಣ್ಣಿನಲ್ಲೇ ಅವನಿಗೆ ಕೆಳಗಿಳಿಯಲು ಹೇಳಿದ.

ಚಪ್ಪರದ ಹಿಂದೆ ಎಂಜಲೆಲೆಗಳ ಪಕ್ಕದಲ್ಲಿ ವಾದ್ಯಗಾರ ಪೆಟ್ಟಿಗೆಯನ್ನು ಇಳಿಸಿಕೊಂಡ. ಒಂದೊಂದೇ ಸ್ಕ್ರೂ ಬಿಚ್ಚಿದ. ಹಲಗೆ ಕಳಚಿದಾಗ ಭಟ್ಟಿಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅವನು ಸರಿಯಲಿಲ್ಲ. ಆ ಗಾಳಿಗೆ ಮುಖ ಕೊಟ್ಟು, ಅದು ತಣ್ಣಗಾಗುವವರೆಗೆ ಕುಳಿತ.

ಮರುದಿನ ಹಲಗೆಯನ್ನು ಸೀಟಿನವನಿಗೆ ಮರಳಿಸಿದ. ಸೀಟಿನವನು ಹಲಗೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ. ಎಲ್ಲಿಯೂ ದೋಷ ಕಾಣಲಿಲ್ಲ.

“ನನ್ನ ಕೆಲಸದಾಗ ಏನರೆ ಕೊರತಿ ಆತೇನ್ರಿ, ಮಾಸ್ತರ?”

“ನಿಮ್ಮ ಕೆಲಸ ಚೊಕ್ಕ ಐತಿ,” ಎಂದ ವಾದ್ಯಗಾರ. “ಚಲೋ ಆಗೇತಿ ಅಂದಂವ ನಾನು.”

ಸಿದ್ಧವ್ವ ಕತೆ ನಿಲ್ಲಿಸಿ ನೀರು ಕುಡಿದಳು. ಹೊರಗೆ ಗಂಗೆಯ ಮೆಟ್ಟಿಲ ಕಡೆಯಿಂದ ಜನರ ಸದ್ದು ಬರುತ್ತಿತ್ತು. ಸಂಜೆಯ ರೈಲಿನವರು ಬರುವ ಹೊತ್ತು ಹತ್ತಿರವಾಗಿತ್ತು. ಇಂದುಮತಿ ತನಗರಿಯದೆ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಿಗೆ ಬೇಕಾದ ನಗುವನ್ನು ಸರಿಮಾಡಿಕೊಳ್ಳುತ್ತಿದ್ದಳು.

“ಆ ಪೆಟ್ಟಿಗಿ ಮತ್ತ ಹಾಡಿತೇನವ್ವಾ?” ಎಂದು ಕೇಳಿದಳು.

“ಕಾವಿಗೆ ಸುಟ್ಟ ಫ್ಯೂಸ್ ಬದಲಿಸಿದ ಮ್ಯಾಲೆ ಹಾಡಿತು. ಹಿಂದ ಬೈಲ ಇಟಗೊಂಡ ಹಾಡಿತು.”

“ಅವಗ ಆರ್ಕೆಸ್ಟ್ರಾದಾಗ ಮತ್ತ ಜಾಗಾ ಸಿಕ್ಕಿತೇನು?”

“ಗೊತ್ತಿಲ್ಲ. ಅಷ್ಟರಾಗ ನಾ ಊರು ಬಿಟ್ಟಿದ್ದೆ.”

ಇಂದುಮತಿ ಕೀಲಿಕೈ ಗೊಂಚಲನ್ನು ನೋಡಿದಳು. ಅದನ್ನು ತೆಗೆದುಕೊ ಎಂದು ಅವ್ವ ಹೇಳಬಹುದು, ಅಥವಾ ಹೋಗಿಬಾ ಎನ್ನಬಹುದು ಎಂದು ಕಾದಳು. ಸಿದ್ಧವ್ವ ಎರಡನ್ನೂ ಹೇಳಲಿಲ್ಲ. ಮೊಮ್ಮಗಳ ಕಡೆ ತಿರುಗಿದಳು.

“ಮುಕ್ತಾ, ಪಾಟಿ ಮ್ಯಾಲಿನ ಊಟದ ಹೊತ್ತು ಅಳಿಸು, ‘ಇಂದುಮತಿ ದಣಿದಿದ್ದಾಳೆ, ನಾಳೆಯ ಅಡುಗೆ ನೀವೇ ಮಾಡಿಕೊಳ್ಳಿ’ ಅಂತ ಬರದು ಬಾಗಿಲಿಗಿ ಹಾಕು.”

ಛೇ, ದಣಿವೆಲ್ಲಿಯದು ಎಂಬ ಮಾತು ಇಂದುಮತಿಯ ನಾಲಗೆಯ ತುದಿಗೆ ಬಂತು, ಅಲ್ಲಿಯೇ ನಿಂತಿತು.