ಸೂಗವ್ವನ ಹರಿಗೋಲು

ನಾನು ಹೇಳುವ ಹೊಳೆ ಈಗಿನಂಥ ಹೊಳೆಯಲ್ಲ. ಈ ದಡ ಬಿಟ್ಟ ಕಾಗೆ ಆ ದಡ ಸೇರುವಷ್ಟರಲ್ಲಿ ನರೆತು ಕೊಕ್ಕರೆಯಾಗುತ್ತಿತ್ತು. ನಾನು ಎರಡು ಸಲ ಈಜಿ ದಾಟಿದ್ದೇನೆ, ಒಂದು ಸಲ ನಿದ್ದೆಯಲ್ಲಿ.

ದಡದಲ್ಲಿ ಹುಲುಗಯ್ಯನ ಮಠ. ಗುರುವೆಂದರೆ ಗುರು, ಬೆಳಗಿನ ಮಂಜನ್ನು ಮಡಿಚಿ ತಲೆದಿಂಬು ಮಾಡಿಕೊಳ್ಳುತ್ತಿದ್ದ. ಮಠಕ್ಕೆ ಒಂದೇ ಕಟ್ಟಳೆ: ಶಿಷ್ಯರಾದವರು ಹರಿಗೋಲಿನಲ್ಲಿ ಜನರನ್ನು ದಾಟಿಸಬೇಕು. ಹುಟ್ಟು ಹಾಕದವರಿಗೆ ಜಾಗವಿಲ್ಲ.

ಶಿಷ್ಯೆ ಸೂಗವ್ವನಿಗೆ ಮೈತುಂಬ ನೋವು. ಸೆರಗು ತಾಕಿದರೂ ನೋವು. ಮಲಗಿ ಎದ್ದರೆ ಮಲಗುವ ಮೊದಲಿಗಿಂತ ಹೆಚ್ಚು ದಣಿವು. ವೈದ್ಯರು ನಾಡಿ ಹಿಡಿದು, "ಏನೂ ಇಲ್ಲವಲ್ಲ ತಾಯಿ" ಎಂದು ಎದ್ದು ಹೋಗುತ್ತಿದ್ದರು.

"ಇಲ್ಲದ ನೋವಿಗೆ ಎಂಥ ನರಳಾಟ! ಮೈಗಳ್ಳಿ," ಎನ್ನುತ್ತಿದ್ದ ಹಿರಿಯ ಶಿಷ್ಯ ಬಸಲಿಂಗ. "ಅಯ್ಯಾ, ಇವಳನ್ನು ಊರಿಗೆ ಕಳಿಸಿಬಿಡಿ."

ಒಂದು ಬೆಳಿಗ್ಗೆ ನೋವು ಕೊಂಚ ಇಳಿದಿತ್ತು. ಸೂಗವ್ವ ಎದ್ದವಳೇ, ಬಸಲಿಂಗ ನೋಡಲಿ ಎಂದು, ಸಂಜೆಯವರೆಗೂ ಹುಟ್ಟು ಹಾಕಿದಳು. ಆಮೇಲೆ ಚಾಪೆ ಹಿಡಿದವಳು ಚಂದ್ರ ಕರಗಿ ಮತ್ತೆ ತುಂಬುವವರೆಗೂ ಏಳಲಿಲ್ಲ.

ಗುರು ಬಂದು ಪಕ್ಕದಲ್ಲಿ ಕೂತ.

"ನೋವಿದೆಯಾ?"

"ಇದೆ, ಅಯ್ಯಾ."

"ಇದೆ," ಎಂದ ಗುರು.

ಅಷ್ಟಕ್ಕೇ ಅವಳಿಗೆ ಅಳು ಬಂತು.

"ಇದಕ್ಕೆ ಮದ್ದಿಲ್ಲವಾ?"

"ಲಕ್ಕಿಸೊಪ್ಪಿನ ಬಿಸಿನೀರು ಮೀಯಿ. ಹೊತ್ತಿಗೆ ಸರಿಯಾಗಿ ಮಲಗು. ದಿನಾ ಸ್ವಲ್ಪ ಹುಟ್ಟು ಹಾಕು. ಮೈ ಹಗುರಾದ ದಿನವೂ ಅಷ್ಟೇ ಹಾಕು."

"ಅಷ್ಟಕ್ಕೆ ನೋವು ಹೋಗುತ್ತಾ?"

"ಹರಿಗೋಲು ತೆಗಿ."

ಬಸಲಿಂಗನೂ ಹತ್ತಿ ಕೂತ. ಸೂಗವ್ವ ಆಚೆ ದಡದಲ್ಲಿ ಜನ ಇಳಿಯುವ ಕಡವಿನ ಮೆಟ್ಟಿಲಿಗೇ ಗುರಿಯಿಟ್ಟು, ಸೆಳವಿಗೆ ಎದುರಾಗಿ ಹುಟ್ಟು ಎಳೆದಳು. ಹರಿಗೋಲು ಬುಗುರಿಯಂತೆ ತಿರುಗಿತು.

"ಹೊಳೆ ದಾಟುತ್ತಿದ್ದೀಯೋ, ಬಸಲಿಂಗನಿಗೆ ತೋರಿಸುತ್ತಿದ್ದೀಯೋ?"

ಅವಳು ತೋಳು ಸಡಿಲಿಸಿದಳು. ಒಂದು ಎಳೆತ, ಒಂದು ಉಸಿರು. ನೀರು ಅವರನ್ನು ತೊಟ್ಟಿಲಂತೆ ತೂಗುತ್ತ ಓರೆಯಾಗಿ ಒಯ್ದಿತು. ಆ ಹೊತ್ತು ಮೀನುಗಳು ಆಕಳಿಸಿದ್ದನ್ನು ನಾನೇ ಈ ಕಿವಿಯಲ್ಲಿ ಕೇಳಿದ್ದೇನೆ. ಕಡವು ಹಿಂದೆ ಸರಿದು ಮಸುಕಾಯಿತು. ಎಷ್ಟೋ ಹೊತ್ತಿಗೆ ಹರಿಗೋಲು ಜಾಲಿಪೊದೆಯ ಬಳಿ ಮರಳಿಗೆ ಮೆತ್ತಗೆ ತಾಗಿತು.

"ನೋವು?" ಎಂದ ಗುರು.

"ಅದೂ ದಾಟಿ ಬಂತು," ಎಂದು ಸೂಗವ್ವ ನಕ್ಕಳು.

ಬಸಲಿಂಗ ಸಿಡುಕಿದ. "ಇದೆಂಥ ದಾಟಿಸೋದು ಅಯ್ಯಾ? ಕಡವು ಎಲ್ಲೋ ಮೇಲೇ ಉಳೀತು!"

ಗುರು ಮರಳಿನ ಮೇಲೆ ಕಾಲು ಚಾಚಿದ.

"ಹಾಗಾದರೆ ಹೋಗಿ ಆ ಮೆಟ್ಟಿಲ ಕಲ್ಲು ಹೊತ್ತು ತಾ, ಬಸಲಿಂಗಾ. ನಾಳೆಯಿಂದ ಕಡವು ಇಲ್ಲೇ."